ಹುಳಿಸುವುದು ಬೇರೆ, ಇಳಿಸುವುದು ಬೇರೆ
(ಬಾನುಲಿ ಭಾಷಣ)

ಮದ್ಯದ ಹೆಸರುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಹಳಗನ್ನಡದ ಕಳ್, ಸಂಸ್ಕೃತದಿಂದ ಬಂದ ಸುರೆ, ಮಧು, ಆಸವ, ಹಳ್ಳಿಯ ಹೆಂಡ, ಸೇಂದಿ, ಪೇಟೆಯ ಬ್ರಾಂದಿ, ಬೀರು, ಹೀಗೆ ಪಟ್ಟಿ ಬೆಳೆಯುತ್ತದೆ. ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪ ತನ್ನ ಭಾರತದಲ್ಲಿ ಅದಕ್ಕೆ ಧಾರಾಳವಾಗಿಯೇ ಎಡೆಗೊಟ್ಟಿದ್ದಾನೆ. ನಮ್ಮ ಕಾಲಕ್ಕೆ ಬಂದರೆ, ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಒಬ್ಬ ಹೆಂಡಕುಡುಕನನ್ನೇ ಕವಿಯನ್ನಾಗಿಸಿತು. ಆದರೆ ಒಂದು ಮಾತನ್ನು ಗಮನಿಸಬೇಕು. ಕುಡಿಯುವುದನ್ನು ಹೇಳುವ ಮಾತು ನಮ್ಮಲ್ಲಿ ಹೇರಳ. ಕುಡಿಯುವ ವಸ್ತು ಆಗುವ ಬಗೆಯನ್ನು ಬಿಡಿಸಿ ಹೇಳುವ ಮಾತು ವಿರಳ.

ಇದರ ಫಲವಾಗಿ ಮೂರು ಬೇರೆ ಬೇರೆ ಕೆಲಸಗಳನ್ನು ನಾವು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತೇವೆ. ಧಾನ್ಯವನ್ನೋ ಹಣ್ಣಿನ ರಸವನ್ನೋ ಹುಳಿಸುವುದು ಒಂದು. ಹುಳಿಸಿದ್ದನ್ನು ಕಾಯಿಸಿ, ಅದರ ಆವಿಯನ್ನು ತಣಿಸಿ, ಹನಿಹನಿಯಾಗಿ ಬಟ್ಟಿ ಇಳಿಸುವುದು ಎರಡನೆಯದು. ಎಲ್ಲಿಂದಲೋ ತಂದ ಸ್ಪಿರಿಟ್ಟನ್ನು ನೀರಿಗೆ ಬೆರೆಸಿ ಮಾರುವುದು ಮೂರನೆಯದು. ಹುಳಿಸು, ಇಳಿಸು, ಬೆರೆಸು. ವ್ಯಾಕರಣಕ್ಕೆ ಇವು ಮೂರು ಕ್ರಿಯಾಪದಗಳು; ಕುಡಿದವನ ದೇಹಕ್ಕೆ ಇವು ಮೂರು ಬೇರೆ ಬೇರೆ ವಿಧಿಗಳು. ಈ ಭೇದ ಸ್ಪಷ್ಟವಾಗಬೇಕಾದರೆ, ಕೇವಲ ಹುಳಿಸುವುದರಿಂದಲೇ ಆಗುವ ಪಾನೀಯವೊಂದನ್ನು ಹಿಡಿದು ಅದರ ಹುಟ್ಟನ್ನು ಹಂತಹಂತವಾಗಿ ನೋಡುವುದು ಒಳ್ಳೆಯ ದಾರಿ. ಇಂಗ್ಲೆಂಡ್, ಅಮೆರಿಕಗಳ ಅಡುಗೆಮನೆಗಳಲ್ಲಿ ಜನ ಹವ್ಯಾಸಕ್ಕಾಗಿ ಮಾಡಿಕೊಳ್ಳುವ ಬ್ರೌನ್ ಏಲ್, ಅಂದರೆ ಕಂದುಬಣ್ಣದ ಒಂದು ಬಗೆಯ ಬೀರು, ಇಲ್ಲಿ ನಮ್ಮ ಉದಾಹರಣೆ.

ಇದರ ಮೂಲದ್ರವ್ಯ ಜವೆಗೋಧಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಬೆಳೆಯುವ ಮುನ್ನವೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಇದೇ ಮಾಲ್ಟು. ಕೇಳಿದರೆ ಹೊಸತೆನಿಸಬಹುದು, ಆದರೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದಮೇಲೆ ಒಣಗಿಸಿ, ಹುರಿದು ಬೀಸಿ ಮಗುವಿಗೆ ಗಂಜಿ ಕಾಯಿಸುವ ನಮ್ಮ ತಾಯಂದಿರು ಮಾಡುವುದೂ ಇದನ್ನೇ. ಕಾಳು ಮೊಳೆಯುವಾಗ ಅದರೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ತಾಯಿ ಅದನ್ನು ಮಗುವಿನ ಜೀರ್ಣಶಕ್ತಿಗಾಗಿ ಬಳಸಿಕೊಳ್ಳುತ್ತಾಳೆ. ಬೀರು ಮಾಡುವವನು ಸಿಹಿಗಾಗಿ ಬಳಸಿಕೊಳ್ಳುತ್ತಾನೆ.

ಬಣ್ಣ ಬರುವುದು ಬೆಂಕಿಯಿಂದ. ಹದವಾದ ಬಿಸಿಯಲ್ಲಿ ಒಣಗಿದ ಮಾಲ್ಟು ತಿಳಿಹಳದಿ. ಕಾಫಿಬೀಜದಂತೆ ಹುರಿದದ್ದು ಕಡುಗಂದು. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಮಾಲ್ಟನ್ನು ಸುಡದಂತೆ ಹುರಿಯುವ ತಿರುಗುಪೀಪಾಯಿಗೆ ಪೇಟೆಂಟು ಪಡೆದ ಮೇಲೆ, ಸ್ವಲ್ಪವೇ ಕರಿಮಾಲ್ಟು ಹಾಕಿ ಬೇಕಾದ ಬಣ್ಣ ತರುವುದು ಸುಲಭವಾಯಿತು. ಇಪ್ಪತ್ತು ಲೀಟರ್ ಬ್ರೌನ್ ಏಲ್‌ಗೆ ಸುಮಾರು 4 ಕಿಲೋ ತಿಳಿಮಾಲ್ಟು, ಅರ್ಧ ಕಿಲೋ ಪಾಕದ ಕಂಪಿನ ಮಾಲ್ಟು, 200 ಗ್ರಾಂ ಕಡುಗಂದಿನ ಮಾಲ್ಟು ಸಾಕು. ಇವನ್ನು ತರಿತರಿಯಾಗಿ ಒಡೆದು, 66–67 ಡಿಗ್ರಿ ಸೆಂಟಿಗ್ರೇಡ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಡುತ್ತಾರೆ. ಬಿಸಿ ಬಹಳ ಏರಿದರೆ ಕಿಣ್ವಗಳು ಸಾಯುತ್ತವೆ. ತುಸು ಇಳಿದರೆ ಪಾನೀಯ ತೆಳುವಾಗುತ್ತದೆ. ಸೋಸಿ ತೆಗೆದ ಸಿಹಿದ್ರವವನ್ನು ಒಲೆಗೇರಿಸಿ ಒಂದು ಗಂಟೆ ಕುದಿಸುತ್ತಾರೆ.

ಕುದಿಯುವಾಗ ಬೀಳುವುದು ಹಾಪ್ಸ್. ಇದು ಗಾಂಜಾಗಿಡದ ಕುಟುಂಬಕ್ಕೇ ಸೇರಿದ ಒಂದು ಬಳ್ಳಿಯ ಹೆಣ್ಣುಹೂ. ಆದರೆ ಗಾಂಜಾದ ಅಮಲು ಇದರಲ್ಲಿಲ್ಲ. ತಂಪುನಾಡಿನ ಬಳ್ಳಿಯಾದ್ದರಿಂದ ನಮ್ಮ ಬಯಲಿಗೆ ಒಗ್ಗದು. ಭಾರತದಲ್ಲಿ ಇದನ್ನು ಬೆಳೆಸಿದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಕುದಿಯ ಮೊದಲಿಗೆ ಹಾಕಿದ ಹಾಪ್ಸ್ ತನ್ನ ಕಹಿಯನ್ನು ಬಿಡುತ್ತದೆ. ಕೊನೆಯ ಹತ್ತು ನಿಮಿಷಕ್ಕೆ ಹಾಕಿದ್ದು ಪರಿಮಳವನ್ನು ಉಳಿಸುತ್ತದೆ. ಯುಗಾದಿಯ ಬೇವುಬೆಲ್ಲವನ್ನು ಬಲ್ಲ ನಮಗೆ ಇದರ ನ್ಯಾಯವನ್ನು ವಿವರಿಸಬೇಕಾಗಿಲ್ಲ. ಮಾಲ್ಟಿನ ಸಿಹಿಯೊಂದೇ ಆದರೆ ನಾಲಗೆಗೆ ಬೇಸರ. ಹಾಪ್ಸಿನ ಕಹಿ ಅದಕ್ಕೆ ಕಟ್ಟು ಹಾಕುತ್ತದೆ. ಇದಲ್ಲದೆ, ಪಾನೀಯವನ್ನು ಕೆಡಿಸುವ ಅನೇಕ ಸೂಕ್ಷ್ಮಾಣುಗಳನ್ನು ಅದು ತಡೆಯುತ್ತದೆ. 1516ರಲ್ಲಿ ಬವೇರಿಯದ ಅರಸರು ಬೀರಿಗೆ ಜವೆಗೋಧಿ, ಹಾಪ್ಸ್, ನೀರು ಇಷ್ಟನ್ನೇ ಬಳಸಬೇಕೆಂದು ಕಟ್ಟಳೆ ಮಾಡಿದರು.

ಆ ಕಟ್ಟಳೆಯಲ್ಲಿ ನಾಲ್ಕನೆಯ ವಸ್ತುವಾದ ಯೀಸ್ಟಿನ ಹೆಸರಿಲ್ಲ. ಸಿಹಿದ್ರವವನ್ನು ಹುಳಿಸುವುದು ಒಂದು ಜೀವಿ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 1876ರಲ್ಲಿ ಪ್ಯಾಶ್ಚರ್ ಬೀರಿನ ಮೇಲಿನ ತನ್ನ ಗ್ರಂಥವನ್ನು ಪ್ರಕಟಿಸಿದ; 1883ರಲ್ಲಿ ಡೆನ್ಮಾರ್ಕಿನ ಹ್ಯಾನ್ಸನ್ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ. ಇಲ್ಲಿ ಪದಪ್ರಿಯರಿಗೆ ಒಂದು ಸ್ವಾರಸ್ಯವಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಗೆ ಹಾಕುವ ಹುದುಗಿಗೆ ಕಿಣ್ವವೆಂದು ಹೆಸರು. ನಮ್ಮ ವಿಜ್ಞಾನ ಲೇಖಕರು ಅದೇ ಪದವನ್ನು ಎನ್‌ಜೈಮಿಗೆ ಕೊಟ್ಟರು. ಎನ್‌ಜೈಮ್ ಎಂಬ ಶಬ್ದಕ್ಕೂ ಗ್ರೀಕಿನಲ್ಲಿ ‘ಹುದುಗಿನೊಳಗಿನದು’ ಎಂದೇ ಅರ್ಥ. ಎರಡು ಭಾಷೆಗಳೂ ಒಂದೇ ಹೆಂಡದ ಮಡಕೆಯಿಂದ ವಿಜ್ಞಾನದ ಪದವನ್ನು ಎತ್ತಿಕೊಂಡಿವೆ.

ಕುದಿಸಿದ್ದನ್ನು ಬೇಗನೆ 20 ಡಿಗ್ರಿಯವರೆಗೆ ತಣಿಸಿ ಯೀಸ್ಟು ಸೇರಿಸಿದರೆ, ಅದು ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಇಂಗಾಲಾಮ್ಲವನ್ನೂ ಬಿಡುತ್ತದೆ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಿಗ್ಗೆ ಉಬ್ಬಿ ನಿಲ್ಲುವುದಕ್ಕೂ ಇದಕ್ಕೂ ನಂಟುಂಟು. ಸುಮಾರು ಎರಡು ವಾರದಲ್ಲಿ ನೂರಕ್ಕೆ 5ರಷ್ಟು ಆಲ್ಕೊಹಾಲಿನ ಪಾನೀಯ ಸಿದ್ಧವಾಗುತ್ತದೆ. ಕುದಿ ಇಳಿದ ಮೇಲೆ ಮುಟ್ಟುವ ಪಾತ್ರೆ, ಕೊಳವೆ, ಸೀಸೆ ಎಲ್ಲವೂ ಶುದ್ಧವಾಗಿರಬೇಕು. ನಮ್ಮ ಅಜ್ಜಿಯರು ಉಪ್ಪಿನಕಾಯಿಯ ಜಾಡಿಗೆ ಪಾಲಿಸುತ್ತಿದ್ದ ಮಡಿಯೇ ಇದು. ಸೀಸೆಗೆ ತುಂಬುವಾಗ ನೊರೆಗಾಗಿ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸುತ್ತಾರೆ. ಕೈ ತಪ್ಪಿ ಹೆಚ್ಚಾದರೆ ಸೀಸೆ ಸಿಡಿಯುತ್ತದೆ. ಬೆಳಕು ಬಿದ್ದರೆ ಹಾಪ್ಸಿನ ಅಂಶ ಕೆಟ್ಟು ನಾರುವುದರಿಂದ ಸೀಸೆ ಕಂದುಗಾಜಿನದಾಗಿರಬೇಕು. ಇಷ್ಟೂ ಕೆಲಸದಲ್ಲಿ ಬಟ್ಟಿ ಇಳಿಸುವ ಮಾತು ಎಲ್ಲಿಯೂ ಬರಲಿಲ್ಲ ಎಂಬುದನ್ನು ಕೇಳುಗರು ಗಮನಿಸಿರಬಹುದು.

ಇಂಗ್ಲೆಂಡಿನ ಬ್ರೌನ್ ಏಲ್ ಮೂಲತಃ ಮಾಲ್ಟಿನ ಸಿಹಿಯೇ ಮುಂದಾದ ಪಾನೀಯ. 1927ರಲ್ಲಿ ಮಾರುಕಟ್ಟೆಗೆ ಬಂದ ನ್ಯೂಕ್ಯಾಸಲ್ ಬ್ರೌನ್ ಏಲ್ ಅದರ ಪ್ರಸಿದ್ಧ ಮಾದರಿ. ಅದಕ್ಕೆ ಹಾಪ್ಸಿನ ಕಹಿಯನ್ನು ದಂಡಿಯಾಗಿ ಸೇರಿಸಿ ಹೊಸ ರುಚಿ ಕಟ್ಟಿದವರಲ್ಲಿ ಅಮೆರಿಕದ ಹವ್ಯಾಸಿಗಳೇ ಮುಂದು. ಅದಕ್ಕೆ ಕಾನೂನು ದಾರಿ ಮಾಡಿಕೊಟ್ಟಿತ್ತು. ಮನೆಯ ಬಳಕೆಯ ಬೀರಿಗೆ ಲೈಸೆನ್ಸು ಬೇಡವೆಂದು ಇಂಗ್ಲೆಂಡ್ 1963ರಲ್ಲಿ ಹೇಳಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಅಂಥದೇ ಮಸೂದೆಗೆ ಸಹಿ ಹಾಕಿದರು.

ನಮ್ಮಲ್ಲಿ? ಕೌಟಿಲ್ಯ ಸುರೆಯನ್ನು ರಾಜ್ಯದ ಹಿಡಿತದಲ್ಲಿಟ್ಟು ಸುರಾಧ್ಯಕ್ಷನನ್ನು ನೇಮಿಸಿದ. ಆದರೂ ಶುಭಕಾರ್ಯಗಳಿಗೆ ಬಿಳಿಸುರೆಯನ್ನೂ ಔಷಧಕ್ಕೆ ಅರಿಷ್ಟವನ್ನೂ ಗೃಹಸ್ಥರು ತಾವೇ ಮಾಡಿಕೊಳ್ಳಬಹುದೆಂದ. 1965ರ ಅಬಕಾರಿ ಕಾಯಿದೆಯ ದೃಷ್ಟಿ ಬೇರೆ. ಪರವಾನಗಿಯಿಲ್ಲದೆ ಕರ್ನಾಟಕದಲ್ಲಿ ಮದ್ಯ ತಯಾರಿಸುವುದು ಅಪರಾಧ; ಅಡುಗೆಮನೆಯ ಬೀರಿಗೂ ವಿನಾಯಿತಿಯಿಲ್ಲ. 2011ರಿಂದೀಚೆಗೆ ಬೆಂಗಳೂರಿನಲ್ಲಿ ಪರವಾನಗಿ ಪಡೆದ ಕಿರುಬೀರುಮನೆಗಳು ಎದ್ದಿವೆ. ಈ ಕಲೆ ಇಲ್ಲಿ ನ್ಯಾಯವಾಗಿ ನಡೆಯಬಹುದಾದ ಜಾಗ ಅಂಥವು ಮಾತ್ರ. ಆದ್ದರಿಂದ ನಾನು ಹೇಳಿದ ಕ್ರಮ ತಿಳಿವಳಿಕೆಗೆ, ಅನುಕರಣೆಗಲ್ಲ.

ಈ ತಿಳಿವಳಿಕೆ ಏಕೆ ಬೇಕು? 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 2007ರ ಜುಲೈಯಿಂದ ಸಾರಾಯಿ ನಿಷೇಧವಾಯಿತು. ಮರುವರ್ಷವೇ ಕರ್ನಾಟಕ–ತಮಿಳುನಾಡು ಗಡಿಯ ಎರಡೂ ಬದಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು. ಕೊಂದದ್ದು ಮಿಥೈಲ್ ಆಲ್ಕೊಹಾಲು. ಅದು ಕಾರ್ಖಾನೆಗಳ ದ್ರವ. ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣನ್ನು, ಆಮೇಲೆ ಪ್ರಾಣವನ್ನು ತೆಗೆಯುತ್ತದೆ. ಹುಳಿಸಿದ ಧಾನ್ಯದಿಂದ ಅಂಥ ಪ್ರಮಾಣದಲ್ಲಿ ಅದು ಹುಟ್ಟುವುದಿಲ್ಲ. ಬೆರೆಸುವವನ ಕೈಯಿಂದ ಬರುತ್ತದೆ. ‘ಕಳ್ಳಬಟ್ಟಿ ಕುಡಿದು ಸತ್ತರು’ ಎಂದು ನಾವು ಓದಿ ಮುಗಿಸಿದಾಗ, ಬೆರೆಸಿದವನು ಆ ಪದದ ಹಿಂದೆ ಅಡಗಿಕೊಳ್ಳುತ್ತಾನೆ; ಸಿಕ್ಕಿಬೀಳುವವನು ಬಟ್ಟಿ ಇಳಿಸಿದ ಬಡವ.

ಆ ಬಡವ ಯಾರೆಂದು ಕೇಳಿದರೆ, ಕೆಲವೊಮ್ಮೆ ಉತ್ತರ ನಮ್ಮ ತಾಂಡಾಗಳತ್ತ ಹೋಗುತ್ತದೆ. ಬಂಜಾರರು ಎತ್ತಿನ ಹೇರುಗಳ ಮೇಲೆ ದೇಶದ ಉದ್ದಗಲಕ್ಕೆ ಧಾನ್ಯ, ಉಪ್ಪು ಸಾಗಿಸಿದ ಜನ. ರೈಲು ಬಂದು ಆ ವ್ಯಾಪಾರ ಮುರಿದುಬಿತ್ತು. ಬೇರೆ ದಾರಿಗಾಣದ ಕೆಲವು ಕುಟುಂಬಗಳು ಬೆಲ್ಲದ ಬಟ್ಟಿಗೆ ಕೈಹಾಕಿದವು; ಅಪವಾದ ಮಾತ್ರ ಇಡೀ ಸಮುದಾಯದ ಹೆಗಲಿಗೇರಿತು. ಅದೇ ಸಮುದಾಯದ ಗುರು ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ಪೂಜೆಗೊಳ್ಳುವ ಊರು, ಈಗಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ. ಪ್ರತಿ ಫೆಬ್ರುವರಿಯ ನಡುವಿನಲ್ಲಿ ಮಾಲೆ ಧರಿಸಿದ ಭಕ್ತರು ದೂರದೂರದಿಂದ ಅಲ್ಲಿಗೆ ನಡೆದು ಬರುತ್ತಾರೆ. ಅಮಲಿನಿಂದ ದೂರವಿರಿ ಎಂಬುದು ಸೇವಾಲಾಲರ ಉಪದೇಶವೆಂದು ಪರಂಪರೆ ನಂಬಿದೆ. ಬಟ್ಟಿಯ ಅಪವಾದ ಹೊತ್ತ ಜನರೇ ಮದ್ಯ ತೊರೆಯುವ ವ್ರತ ಹಿಡಿದು ನಡೆಯುವುದನ್ನು ಕಂಡಾಗ, ಒಂದು ಪದದಿಂದ ಒಂದು ಸಮುದಾಯವನ್ನು ಅಳೆಯುವುದು ಎಷ್ಟು ಅನ್ಯಾಯವೆಂದು ತಿಳಿಯುತ್ತದೆ.

ಆ ಉಪದೇಶಕ್ಕೆ ಇಂದಿನ ವೈದ್ಯವೂ ಎದುರಾಡದು. ಮದ್ಯ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಸಾರಿತು. ಹುಳಿಸಿದ್ದಾದರೂ ಇಳಿಸಿದ್ದಾದರೂ ಇದು ಸಮಾನ. ಕುಡಿಯಬೇಕೆ ಬೇಡವೆ ಎಂಬ ಪ್ರಶ್ನೆಗೆ ಅವರವರ ವಿವೇಕ ಉತ್ತರ ಹೇಳಲಿ. ಹೇಳುವ ಮಾತಿನ ಹೊಣೆ ಮಾತ್ರ ನಮ್ಮೆಲ್ಲರದು. ಮುಂದೆ ಎಂದಾದರೂ ಅಂಥ ದುರಂತದ ಸುದ್ದಿ ಬಂದರೆ, ಹುಳಿಸಿದ್ದೋ, ಇಳಿಸಿದ್ದೋ, ಬೆರೆಸಿದ್ದೋ ಎಂದು ಮೊದಲು ಕೇಳೋಣ. ಕುಡಿದವನಿಗೆ ಕಣ್ಣು ಮಂಜಾಗಿದೆಯೆಂದು ತಿಳಿದರೆ ಗಳಿಗೆಯೂ ತಡೆಯದೆ ಆಸ್ಪತ್ರೆಗೆ ಒಯ್ಯೋಣ. ಹೊತ್ತಿಗೆ ಸರಿಯಾಗಿ ಮುಟ್ಟಿದರೆ ಮಿಥೈಲಿನ ವಿಷಕ್ಕೆ ಚಿಕಿತ್ಸೆಯಿದೆ.