ಬಂದನು, ಬಂದನಂತೆ

ಆಧಾರವಿಲ್ಲದ ಮಾತಿಗೆ ನಮ್ಮಲ್ಲಿ ‘ಅಂತೆ ಕಂತೆ’ ಎಂಬ ಹೆಸರುಂಟು. ಆ ಪುಟ್ಟ ‘ಅಂತೆ’ಗೆ ಇಷ್ಟು ಅಪಕೀರ್ತಿ ಸಲ್ಲದೆಂದು ನನಗೆ ಅರಿವಾದುದು ನನ್ನದೇ ಒಂದು ತಪ್ಪಿನಿಂದ. ಹಿರಿಯ ಸಹೋದ್ಯೋಗಿಯೊಬ್ಬರು ಕೆಲಸ ಬಿಟ್ಟರಂತೆ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದಿತು. ಪರವೂರಿನ ಗೆಳೆಯರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವಾಗ ಅದನ್ನೂ ಸೇರಿಸಿದೆ. ‘ಅಂತೆ’ ಮಾತ್ರ ಲೇಖನಿಯಿಂದ ಜಾರಿಹೋಯಿತು. ಅವರು ಕೆಲಸ ಬಿಟ್ಟಿರಲೇ ಇಲ್ಲ. ಬಿಟ್ಟರೆಂದೇ ಸುದ್ದಿ ಹಬ್ಬಿ, ಪಾಪ, ಹಲವರಿಗೆ ಸಮಜಾಯಿಷಿ ಹೇಳಬೇಕಾಯಿತು.

ಇಂಗ್ಲಿಷಿಗೆ ಸಂದೇಹ ತಿಳಿಯದೆಂದಲ್ಲ. ‘ಮೇ’, ‘ಮೈಟ್’, ‘ಮಸ್ಟ್’ ಮೊದಲಾದ ಸಲಕರಣೆ ಅದರಲ್ಲಿ ಬೇಕಾದಷ್ಟಿದೆ. ಕೇಳಿದ್ದನ್ನು ಕೇಳಿದ್ದೆಂದು ಸೂಚಿಸುವ ಪದಗಳೂ ಇವೆ. ಆದರೆ ಅವನ್ನು ಇಡುವುದು, ಬಿಡುವುದು ಬರೆಯುವವನ ಇಚ್ಛೆ. ಬಿಟ್ಟರೆ ವ್ಯಾಕರಣ ಆಕ್ಷೇಪಿಸುವುದಿಲ್ಲ. ನಮ್ಮ ‘ಅಂತೆ’ಯ ಪಾಡೂ ಅಷ್ಟೆ.

ತುರ್ಕಿ ಭಾಷೆ ಈ ವಿಷಯದಲ್ಲಿ ಕಟ್ಟುನಿಟ್ಟು. ಕಣ್ಣಾರೆ ಕಂಡಿದ್ದರೆ, ಇಲ್ಲವೆ ನಿಶ್ಚಯವಾಗಿ ಬಲ್ಲೆನಾದರೆ, ‘ಗೆಲ್ದಿ’, ಬಂದನು. ಯಾರೋ ಹೇಳಿದ್ದರೆ, ಅಥವಾ ಬಾಗಿಲಲ್ಲಿ ಚಪ್ಪಲಿ ಕಂಡು ಊಹಿಸಿದ್ದರೆ, ‘ಗೆಲ್ಮಿಷ್’. ನಡೆದುಹೋದುದನ್ನು ಹೇಳಹೊರಟವನು ಈ ಎರಡು ಪ್ರತ್ಯಯಗಳಲ್ಲಿ ಒಂದನ್ನು ಆರಿಸಲೇಬೇಕು. ಈ ಭೇದ ಇಂದಿನದಲ್ಲ. 1070ರ ದಶಕದಲ್ಲಿ ತುರ್ಕಿ ಭಾಷೆಗಳಿಗೆ ಅರಬ್ಬಿಯಲ್ಲಿ ನಿಘಂಟು ರಚಿಸಿದ ಮಹಮೂದ್ ಕಾಷ್ಗರಿಯೇ ಇದನ್ನು ಗುರುತಿಸಿದ್ದಾನೆ.

‘ಮಿಷ್’ ನಮ್ಮ ‘ಅಂತೆ’ಗಿಂತ ವಿಶಾಲವಾದುದು. ಕುಳಿತಲ್ಲೇ ತೂಕಡಿಸಿ ಎಚ್ಚತ್ತವನು ‘ಉಯುಮುಷುಮ್’ ಎನ್ನುತ್ತಾನೆ. ನಿದ್ದೆ ಹೋದವನು ತಾನೇ ಆದರೂ ಅದಕ್ಕೆ ತಾನೇ ಸಾಕ್ಷಿಯಲ್ಲವಷ್ಟೆ! ಕನ್ನಡದಲ್ಲಿ ಇಲ್ಲಿ ‘ಅಂತೆ’ ಸಲ್ಲದು. ‘ನಿದ್ದೆ ಹೋಗಿಬಿಟ್ಟಿದ್ದೆನಲ್ಲ’ ಎಂದು ಬೆರಗಿನಿಂದ ಹೇಳಿಕೊಳ್ಳಬೇಕು. ತುರ್ಕರ ಅಜ್ಜಿಕಥೆಗಳು ಆರಂಭವಾಗುವುದೂ ಈ ಪ್ರತ್ಯಯದಿಂದಲೇ: ಒಮ್ಮೆ ಇತ್ತಂತೆ, ಒಮ್ಮೆ ಇರಲಿಲ್ಲವಂತೆ.

ಇನ್ನು ಸಾಧ್ಯತೆಯ ಮಾತು. ‘ಬರಬಹುದು’ ಎಂಬಲ್ಲಿ ಅಪ್ಪಣೆಯೂ ಉಂಟು, ಸಂಭವವೂ ಉಂಟು. ಇಂಗ್ಲಿಷಿನ ‘ಮೇ’, ತುರ್ಕಿಯ ‘ಗೆಲೆಬಿಲಿರ್’ ಎರಡೂ ಹೀಗೆಯೇ. ದಾರಿ ಕವಲೊಡೆಯುವುದು ನಿಷೇಧದಲ್ಲಿ. ಇಂಗ್ಲಿಷಿನಲ್ಲಿ ‘ಮೇ ನಾಟ್ ಕಮ್’ ಎಂದರೆ ಬರಕೂಡದೆಂದೋ ಬಾರದಿರಬಹುದೆಂದೋ, ಸಂದರ್ಭವೇ ಹೇಳಬೇಕು. ತುರ್ಕಿಯಲ್ಲಿ ಗೊಂದಲವಿಲ್ಲ: ‘ಗೆಲೆಮೆಜ್’ ಎಂದರೆ ಬರಲಾರನು, ‘ಗೆಲ್ಮೆಯೆಬಿಲಿರ್’ ಎಂದರೆ ಬಾರದಿರಬಹುದು, ‘ಗೆಲೆಮೆಯೆಬಿಲಿರ್’ ಎಂದರೆ ಬರಲಾರದೆ ಇರಬಹುದು. ಈ ಮೂರನ್ನೂ ಕನ್ನಡ ಎಷ್ಟು ಸಲೀಸಾಗಿ ಹಿಡಿಯಿತೆಂಬುದನ್ನು ಓದುಗರು ಗಮನಿಸಬೇಕು. ಕ್ರಿಯಾಪದದ ಬಾಲಕ್ಕೆ ಭಾವವನ್ನು ಪೋಣಿಸುವ ಕಲೆ ಇಬ್ಬರಿಗೂ ಒಲಿದಿದೆ.

ಹಾಗೆಂದು ತುರ್ಕರೆಲ್ಲ ಸತ್ಯಸಂಧರು, ಇಂಗ್ಲಿಷರೆಲ್ಲ ಗಾಳಿಮಾತಿನವರು ಎಂದರೆ ಅದು ನಗೆಪಾಟಲು. ವ್ಯಾಕರಣ ಪ್ರಾಮಾಣಿಕತೆಯನ್ನು ಕೊಡಲಾರದು. ‘ಇದನ್ನು ನೀನು ಕಂಡೆಯಾ?’ ಎಂದು ಕೇಳಬಲ್ಲುದು, ಅಷ್ಟೆ. ಕೇಳದ ಭಾಷೆಯಲ್ಲಿ ಬರೆಯುವಾಗ ಆ ಪ್ರಶ್ನೆಯನ್ನು ನಾವೇ ಹಾಕಿಕೊಳ್ಳಬೇಕು.

ಕ್ಷಮೆ ಬೇಡಲು ಹೋದಾಗ ಆ ಹಿರಿಯರು ನಕ್ಕುಬಿಟ್ಟರು. “ಕನ್ನಡದ ಮೇಷ್ಟರಾಗಿ ಒಂದು ‘ಅಂತೆ’ಗೆ ಜಿಪುಣತನ ಮಾಡಿದಿರಲ್ಲ!” ಎಂದರು. ಅಂದಿನಿಂದ ತರಗತಿಯಲ್ಲಿ ಭಾಷಾಂತರದ ಅಭ್ಯಾಸಗಳನ್ನು ತಿದ್ದುವಾಗ ನಾನು ಮೊದಲು ಹುಡುಕುವುದು ಆ ಎರಡಕ್ಷರವನ್ನೇ.