ಕಚೇರಿ ಕೊಠಡಿಯ ಧ್ವನಿಮುದ್ರಣ, ಸದ್ದಿನ ನಿವಾರಣೆ ಮತ್ತು ಹಕಾರದ ಪ್ರಶ್ನೆ: ಸಾಲಿಗ್ರಾಮ ಪರಿಸರವನ್ನು ಮುಂದಿಟ್ಟುಕೊಂಡು

1. ಪ್ರಸ್ತಾವನೆ

ಧ್ವನಿಮುದ್ರಣಕ್ಕೆಂದೇ ಕಟ್ಟಿದ ನಿಶ್ಶಬ್ದ ಕೋಣೆ ಎಲ್ಲ ಭಾಷಾವಿಜ್ಞಾನ ವಿಭಾಗಗಳಿಗೂ ಲಭ್ಯವಿಲ್ಲ. ನಿಘಂಟಿನ ಪದಗಳಿಗೆ ಉಚ್ಚಾರಣೆ ಸೇರಿಸುವಾಗ, ಗ್ರಹಿಕೆಯ ಪ್ರಯೋಗಕ್ಕಾಗಿ ಪದಪಟ್ಟಿ ಓದಿಸುವಾಗ, ದಾಖಲೀಕರಣದ ಸಾಕ್ಷ್ಯಚಿತ್ರಕ್ಕೆ ಹಿನ್ನೆಲೆ ನಿರೂಪಣೆ ಕೊಡಿಸುವಾಗ ನಾವು ಮೊರೆಹೋಗುವುದು ಸಾಮಾನ್ಯವಾಗಿ ಕಚೇರಿಯ ಕೊಠಡಿಯೊಂದಕ್ಕೆ. ಕ್ಷೇತ್ರಕಾರ್ಯದಲ್ಲಂತೂ ಪಂಚಾಯಿತಿ ಕಚೇರಿ, ಸಹಕಾರ ಸಂಘ, ಮುಖ್ಯೋಪಾಧ್ಯಾಯರ ಕೊಠಡಿ ಇವೇ ನಮ್ಮ ಸ್ಟುಡಿಯೋಗಳು. ಅಲ್ಲಿ ಫ್ಯಾನು ತಿರುಗುತ್ತಿರುತ್ತದೆ, ಕಿಟಕಿಯಾಚೆ ಟ್ರ್ಯಾಕ್ಟರು ಹಾಯುತ್ತಿರುತ್ತದೆ, ಪಕ್ಕದ ಮೇಜಿನ ಮೇಲೆ ಮುದ್ರಣಯಂತ್ರ ಕೆಲಸ ಮಾಡುತ್ತಿರುತ್ತದೆ. ಈಗ ಬಂದಂತೆ ಮುದ್ರಿಸಿಕೊಳ್ಳೋಣ, ಸದ್ದನ್ನು ಆಮೇಲೆ ತಂತ್ರಾಂಶದಿಂದ ತೆಗೆದರಾಯಿತು ಎಂಬ ಧೋರಣೆ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಬೆಳೆಯುತ್ತಿದೆ. ಜಾಹೀರಾತಿನ ನಿರೂಪಣೆಗೆ ಇದರಿಂದ ಬಾಧಕವಿಲ್ಲ. ಕನ್ನಡದ ಧ್ವನಿವೈಜ್ಞಾನಿಕ ಸಾಕ್ಷ್ಯಕ್ಕೆ ಮಾತ್ರ ಇದು ಅಪಾಯಕಾರಿ ಎಂಬುದು ನಮ್ಮ ವಾದ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳ ಆಡುಮಾತಿನ ಮಟ್ಟಿಗೆ ವಿಶೇಷವಾಗಿ ಅಪಾಯಕಾರಿ.

ಇಲ್ಲಿ ಮುಂದಿಟ್ಟುಕೊಂಡಿರುವುದು ಕೃಷ್ಣರಾಜನಗರ ಸೀಮೆಯ, ಕಾವೇರಿ ಬಯಲಿನ ಸಾಲಿಗ್ರಾಮ. ಉಡುಪಿ ಜಿಲ್ಲೆಯ ಸಾಲಿಗ್ರಾಮವಲ್ಲ. ಆ ಊರಿನ ಮಾತು ಬೇರೆ, ಅದರ ಸಮಸ್ಯೆಗಳೂ ಬೇರೆ.

2. ಹಕಾರ ಏಕೆ?

ಹಳಗನ್ನಡದ ‘ಪಾಲ್’ ನಡುಗನ್ನಡದ ಹೊತ್ತಿಗೆ ‘ಹಾಲು’ ಆಯಿತು. ಹಳೆಯ ಮೈಸೂರಿನ ಗ್ರಾಮೀಣ ಆಡುಮಾತಿನಲ್ಲಿ ಆ ಹಕಾರವೂ ಜಾರಿ ‘ಆಲು’ ಆಗಿದೆ. ‘ಹೋಗು’ ‘ಓಗು’ ಆಗುತ್ತದೆ, ‘ಹತ್ತು’ ‘ಅತ್ತು’ ಆಗುತ್ತದೆ. ಆದರೆ ಈ ಲೋಪ ಎಲ್ಲರಲ್ಲಿಯೂ, ಎಲ್ಲ ಸಂದರ್ಭದಲ್ಲಿಯೂ ಒಂದೇ ಬಗೆಯಾಗಿಲ್ಲ. ಶಾಲೆ ಕಲಿತವರು ಕಚೇರಿಯಲ್ಲಿ ಹಕಾರವನ್ನು ಉಳಿಸಿಕೊಂಡು ಮನೆಯಲ್ಲಿ ಬಿಡುವುದುಂಟು. ಒಬ್ಬರೇ ಒಂದೇ ಸಂಭಾಷಣೆಯಲ್ಲಿ ಎರಡೂ ರೂಪಗಳನ್ನು ಬಳಸುವುದುಂಟು. ಇಲ್ಲದ ಕಡೆ ಹಕಾರ ಸೇರಿಸುವ ಅತಿಶುದ್ಧಿಯೂ ಇದೆ. ‘ಆದರ’ದ ಸ್ವಾಗತವು ‘ಹಾದರ’ದ ಸ್ವಾಗತವಾದ ಹಾಸ್ಯವನ್ನು ಈ ಭಾಗದಲ್ಲಿ ಕೇಳದವರಿಲ್ಲ. ಹಾಸ್ಯ ಮಾಡುವವರು ಯಾರು, ಹಾಸ್ಯಕ್ಕೆ ಗುರಿಯಾಗುವವರು ಯಾರು ಎಂಬುದೇ ಇದು ಸಾಮಾಜಿಕ ಮೌಲ್ಯ ಹೊತ್ತ ಚರಾಂಶವೆಂಬುದಕ್ಕೆ ಸಾಕ್ಷಿ.

ವಿಲಿಯಂ ಬ್ರೈಟ್ ಮತ್ತು ಎ. ಕೆ. ರಾಮಾನುಜನ್ 1964ರಲ್ಲಿ ಪ್ರಕಟಿಸಿದ ಲೇಖನವು ಜಾತಿನಿಷ್ಠ ಉಪಭಾಷೆಗಳ ಭೇದಗಳನ್ನು ಭಾಷಾ ಪರಿವರ್ತನೆಯ ಪ್ರಶ್ನೆಯೊಡನೆ ಜೋಡಿಸಿತು. ಇದೇ ಜಿಲ್ಲೆಯ ನಂಜನಗೂಡಿನ ಕನ್ನಡವನ್ನು ಯು. ಪಿ. ಉಪಾಧ್ಯಾಯರು ಡೆಕ್ಕನ್ ಕಾಲೇಜಿನ ಮಾಲೆಗಾಗಿ ವರ್ಣಿಸಿದರು. ಆ ತಲೆಮಾರಿನ ವರ್ಣನೆಗಳ ಮುಖ್ಯ ಆಧಾರ ನುರಿತ ಕಿವಿ. ಇಂದು ನಾವು ಅದೇ ಪ್ರಶ್ನೆಯನ್ನು ಮಿಲಿಸೆಕೆಂಡು ಮತ್ತು ಡೆಸಿಬೆಲ್‌ಗಳಲ್ಲಿ ಕೇಳುತ್ತಿದ್ದೇವೆ. ಹಾಗೆ ಕೇಳುವಾಗ ಕಡತದಲ್ಲಿ ಹಕಾರ ಇಲ್ಲದಿರುವುದಕ್ಕೆ ಕಾರಣ ಭಾಷಿಕರೋ, ಫ್ಯಾನೋ, ತಂತ್ರಾಂಶವೋ ಎಂಬುದು ತಿಳಿದಿರಲೇಬೇಕು.

ಪದಾದಿಯ ಹಕಾರಕ್ಕೆ ತನ್ನದೇ ಆದ ಉಚ್ಚಾರಣಾ ಸ್ಥಾನವು ಬಾಯಲ್ಲಿಲ್ಲ. ಗಂಟಲಿನಿಂದ ಬರುವ ಉಸಿರು ಮುಂದಿನ ಸ್ವರದ ಆಕಾರವನ್ನೇ ಪಡೆಯುತ್ತದೆ. ತೀವ್ರತೆ ಕಡಿಮೆ, ಆವರ್ತನದ ಹರವು ಹೆಚ್ಚು. ಎಂದರೆ ಅದರ ಸ್ವರೂಪ ಫ್ಯಾನಿನ ಗಾಳಿಯ ಸದ್ದಿಗೆ ಬಹಳ ಹತ್ತಿರ. ಎಸ್. ಎಫ್. ಬೋಲ್ 1979ರಲ್ಲಿ ವಿವರಿಸಿದ ರೋಹಿತ ವ್ಯವಕಲನದ ವಿಧಾನ ಇಂದಿನ ಅನೇಕ ಸಾಧನಗಳ ಮೂಲಪುರುಷ. ಮಾತಿಲ್ಲದ ಭಾಗದಿಂದ ಸದ್ದಿನ ರೋಹಿತವನ್ನು ಅಂದಾಜಿಸಿ, ಅದನ್ನು ಮಾತಿನ ಪ್ರತಿ ತುಣುಕಿನಿಂದಲೂ ಕಳೆಯುವುದು ಅದರ ತಿರುಳು. ಯಾವ ತುಣುಕಿನಲ್ಲಿ ಮಾತಿನ ಶಕ್ತಿ ಆ ಅಂದಾಜಿಗಿಂತ ಕೆಳಗಿದೆಯೋ ಅಲ್ಲಿ ಶೂನ್ಯವೋ ಶೂನ್ಯಕ್ಕೆ ಸಮೀಪದ ಬೆಲೆಯೋ ಉಳಿಯುತ್ತದೆ. ಮೆಲ್ಲಗೆ ಹೇಳಿದ ‘ಹಕ್ಕಿ’ಯ ಮೊದಲ ಉಸಿರು ಇಂಥ ತುಣುಕೇ. ಸ್ವಚ್ಛಗೊಳಿಸಿದ ಕಡತದಲ್ಲಿ ‘ಅಕ್ಕಿ’ ಕೇಳಿಸುತ್ತದೆ. ಸ್ಪೆಕ್ಟ್ರೋಗ್ರಾಮಿನಲ್ಲಿಯೂ ‘ಅಕ್ಕಿ’ಯೇ ಕಾಣುತ್ತದೆ. ಹಕಾರ ಲೋಪದ ಪ್ರಮಾಣವನ್ನು ಎಣಿಸಹೊರಟ ಅಧ್ಯಯನಕ್ಕೆ ಇದಕ್ಕಿಂತ ದೊಡ್ಡ ಕೇಡಿಲ್ಲ, ಏಕೆಂದರೆ ಬಂದ ಫಲಿತಾಂಶವು ನಾವು ನಿರೀಕ್ಷಿಸಿದ ದಿಕ್ಕಿನಲ್ಲಿಯೇ ಇರುತ್ತದೆ. ಯಾರಿಗೂ ಸಂಶಯ ಬರುವುದಿಲ್ಲ.

ಸದ್ದನ್ನು ಹಾಗೆಯೇ ಬಿಟ್ಟರೂ ತೊಂದರೆ ತಪ್ಪಿದ್ದಲ್ಲ. ಸ್ವರಕ್ಕೆ ಮುನ್ನ ಫ್ಯಾನಿನ ಗಾಳಿ ತುಂಬಿಕೊಂಡಿದ್ದರೆ ‘ಆಡು’ ಮತ್ತು ‘ಹಾಡು’ಗಳನ್ನು ಬೇರ್ಪಡಿಸಲು ಲಿಪ್ಯಂತರಕಾರರು ಸಂದರ್ಭವನ್ನು ಆಶ್ರಯಿಸುತ್ತಾರೆ, ಆಗ ದಾಖಲಾಗುವುದು ಧ್ವನಿಯಲ್ಲ, ಅವರ ಊಹೆ. ನರಜಾಲ ಆಧಾರಿತ ಹೊಸ ಸಾಧನಗಳು ಕಿವಿಗೆ ಇನ್ನೂ ಹಿತವಾಗಿವೆ, ಅಷ್ಟೇ ಹೆಚ್ಚು ಶಂಕಾಸ್ಪದವೂ ಆಗಿವೆ. ಅವು ಯಾವ ಭಾಷೆಗಳ ಮಾತಿನಿಂದ ಕಲಿತಿವೆಯೋ ಅದರ ಮೇರೆಗೆ ಯಾವುದು ಮಾತು, ಯಾವುದು ಸದ್ದು ಎಂದು ನಿರ್ಧರಿಸುತ್ತವೆ. ಮಹಾಪ್ರಾಣಗಳ ವಿಷಯದಲ್ಲಿಯೂ ಇದೇ ಮಾತು. ಹೆಚ್ಚಿನ ಕನ್ನಡಿಗರ ಉಲಿಕೆಯಲ್ಲಿ ಮಹಾಪ್ರಾಣಗಳಿಲ್ಲ ಎಂಬ ಡಿ. ಎನ್. ಶಂಕರ ಭಟ್ಟರ ನಿಲುವನ್ನು ಒಪ್ಪಬೇಕೆಂದಿರುವವರೂ ನಿರಾಕರಿಸಬೇಕೆಂದಿರುವವರೂ ಸ್ಪರ್ಶದ ಬಿಡುಗಡೆಯ ನಂತರದ ಆ ಕಿರಿದಾದ ಉಸಿರನ್ನು ಕಾಯ್ದುಕೊಳ್ಳಲೇಬೇಕಾಗಿದೆ.

ಇನ್ನೊಂದು ಕಾರಣವೂ ಇದೆ. ಗದ್ದಲದಲ್ಲಿ ಮಾತಾಡುವವರು ತಮಗರಿವಿಲ್ಲದೆಯೇ ದನಿಯೇರಿಸುತ್ತಾರೆಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿಯೇ ಗುರುತಿಸಿದ್ದರು. ಏರುವುದು ದನಿಯ ಗಟ್ಟಿತನವೊಂದೇ ಅಲ್ಲ. ಮೂಲ ಆವರ್ತನ ಹೆಚ್ಚುತ್ತದೆ, ಸ್ವರ ದೀರ್ಘವಾಗುತ್ತದೆ, ಮೊದಲನೆಯ ಫಾರ್ಮೆಂಟ್ ಮೇಲಕ್ಕೆ ಸರಿಯುತ್ತದೆ. ತಂತ್ರಾಂಶ ಸದ್ದನ್ನು ಅಳಿಸಬಹುದು, ಸದ್ದಿನಿಂದ ಬದಲಾದ ಮಾತನ್ನು ಹಿಂದಿನ ಸ್ಥಿತಿಗೆ ತರಲಾರದು.

3. ಸದ್ದನ್ನು ಮೂಲದಲ್ಲಿಯೇ ತಡೆಯುವುದು

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಫಲಕಾರಿಯಾದ ಉಪಾಯ ದೂರವನ್ನು ಕಡಿಮೆ ಮಾಡುವುದು. ನೇರವಾಗಿ ಬರುವ ಧ್ವನಿಯ ಮಟ್ಟವು ದೂರ ಅರ್ಧವಾದಾಗಲೆಲ್ಲ 6 ಡೆಸಿಬೆಲ್ ಏರುತ್ತದೆ. ಕೊಠಡಿಯಲ್ಲಿ ಹರಡಿರುವ ಸದ್ದು ಇದ್ದಲ್ಲಿಯೇ ಇರುತ್ತದೆ. ಮೇಜಿನ ಮೇಲೆ 60 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 15 ಸೆಂಟಿಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ. ತಲೆಗೆ ಧರಿಸುವ ಮೈಕು ಬಾಯಿಯ ಓರೆಯಲ್ಲಿ 4 ಸೆಂಟಿಮೀಟರ್ ದೂರದಲ್ಲಿದ್ದರೆ ಲಾಭ 23 ಡೆಸಿಬೆಲ್ಲನ್ನು ಮೀರುತ್ತದೆ. ದುಬಾರಿ ಮೈಕನ್ನು ದೂರದಲ್ಲಿಡುವುದಕ್ಕಿಂತ ಸಾಧಾರಣ ಮೈಕನ್ನು ಹತ್ತಿರದಲ್ಲಿಡುವುದು ಮೇಲು. ಆದರೆ ಮೈಕು ಬಾಯಿಯ ನೇರಕ್ಕೆ ಇರಕೂಡದು. ಪಕಾರ ಬಕಾರಗಳ ಸ್ಫೋಟದ ಗಾಳಿ ನೇರವಾಗಿ ಬಡಿದರೆ ಆ ಭಾಗದ ಅಳತೆಯೆಲ್ಲ ವ್ಯರ್ಥ. ದಿಕ್ಕುಸಂವೇದಿ ಮೈಕುಗಳು ಹತ್ತಿರವಾದಷ್ಟೂ ಕೆಳ ಆವರ್ತನಗಳನ್ನು ಉಬ್ಬಿಸುತ್ತವೆ ಎಂಬುದನ್ನೂ ನೆನಪಿಡಬೇಕು. ಉಸಿರುಬೆರೆತ ಘೋಷವನ್ನು ಅಳೆಯುವವರು ಎಲ್ಲ ದಿಕ್ಕಿಗೂ ಸಮನಾಗಿ ಸ್ಪಂದಿಸುವ ತಲೆಮೈಕನ್ನೇ ಆರಿಸಿಕೊಳ್ಳುವುದು ಕ್ಷೇಮ.

ಫ್ಯಾನನ್ನು ನಿಲ್ಲಿಸಬೇಕು. ಇದರಲ್ಲಿ ರಾಜಿಯಿಲ್ಲ. ಮೂರು ರೆಕ್ಕೆಗಳು ನಿಮಿಷಕ್ಕೆ 300 ಸುತ್ತು ತಿರುಗಿದರೆ ಸೆಕೆಂಡಿಗೆ 15 ಬಾರಿ ಗಾಳಿಯ ಸದ್ದು ಏರಿಳಿಯುತ್ತದೆ. ಸ್ಥಿರವಲ್ಲದ ಇಂಥ ಸದ್ದನ್ನು ಸರಾಸರಿಯಿಂದ ಕಳೆಯುವ ಯಾವ ವಿಧಾನವೂ ಶೇಷವುಳಿಸದೆ ತೆಗೆಯಲಾರದು. ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಕೊಠಡಿಯಲ್ಲಿ ವಯಸ್ಸಾದವರನ್ನು ಕೂರಿಸಿ ಫ್ಯಾನು ನಿಲ್ಲಿಸುವುದು ಕ್ರೌರ್ಯವೇ ಸರಿ. ಆದ್ದರಿಂದ ಹತ್ತು ನಿಮಿಷ ಮುದ್ರಣ, ಹತ್ತು ನಿಮಿಷ ಫ್ಯಾನು, ಮಜ್ಜಿಗೆ ಮತ್ತು ಮಾತು ಎಂಬ ಕ್ರಮವನ್ನು ನಾವು ಅನುಸರಿಸುತ್ತೇವೆ. ಹಳೆಯ ಚೋಕಿನ ಟ್ಯೂಬ್‌ಲೈಟನ್ನೂ ಆರಿಸಬೇಕು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಚೋಕಿನ ಗುಂಯ್‌ಗುಡುವಿಕೆ ಮುಖ್ಯವಾಗಿ ಅದರ ಇಮ್ಮಡಿಯಾದ 100 ಹರ್ಟ್ಜ್‌ನಲ್ಲಿ ಬರುತ್ತದೆ. ಗಂಡಸರ ಮೂಲ ಆವರ್ತನ ಇರುವುದೂ ಅದರ ಆಸುಪಾಸಿನಲ್ಲಿಯೇ. ಘೋಷ ಸ್ಪರ್ಶಗಳ ಮುಚ್ಚುಗಡೆಯ ವೇಳೆ ಕಾಣಬೇಕಾದ ಘೋಷಪಟ್ಟಿ ಈ ಗುಂಯ್‌ಕಾರದಲ್ಲಿ ಬೆರೆತರೆ ಅಘೋಷ ಸ್ಪರ್ಶವೂ ಘೋಷದಂತೆ ಕಾಣುತ್ತದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ಬ್ಯಾಟರಿಯಲ್ಲಿ ಮುದ್ರಿಸುವುದು, ಮೊಬೈಲನ್ನು ಏರೋಪ್ಲೇನ್ ಸ್ಥಿತಿಯಲ್ಲಿಡುವುದು ಈ ಬಾಬತ್ತಿನ ಉಳಿದೆರಡು ನಿಯಮಗಳು.

ವಿದ್ಯುತ್ ಕಡಿತವನ್ನು ಶಪಿಸದ ವೃತ್ತಿ ನಮ್ಮದೊಂದೇ ಇರಬಹುದು. ಆದರೆ ಅಗ್ಗದ ಇನ್ವರ್ಟರುಗಳ ಚೌಕ ತರಂಗದಿಂದ ಫ್ಯಾನೂ ದೀಪವೂ ಮೊದಲಿಗಿಂತ ಹೆಚ್ಚು ಗುನುಗುತ್ತವೆ. ಕರೆಂಟು ಹೋದಾಗ ಇನ್ವರ್ಟರನ್ನೂ ನಿಲ್ಲಿಸಿದರೆ ಮಾತ್ರ ಮೌನ ದೊರೆಯುತ್ತದೆ.

ಹೊರಗಿನ ಸದ್ದಿಗೆ ಹೊತ್ತನ್ನು ಆರಿಸಿಕೊಳ್ಳುವುದೇ ಮದ್ದು. ಕೃಷ್ಣರಾಜನಗರ, ಸಾಲಿಗ್ರಾಮಗಳು ಭತ್ತದ ಸೀಮೆ. ಅಕ್ಕಿ ಗಿರಣಿಯ ನೆರೆಯಲ್ಲಿ ‘ಅಕ್ಕಿ–ಹಕ್ಕಿ’ಯ ವ್ಯತ್ಯಾಸವನ್ನು ಅಳೆಯಲಾಗದು. ಸುಗ್ಗಿಯಲ್ಲಿ ಕಟಾವಿನ ಯಂತ್ರ, ನಾಟಿಗೆ ಮುನ್ನ ಟಿಲ್ಲರು. ರಾತ್ರಿ ನಿಶ್ಶಬ್ದವೆಂದು ಭಾವಿಸುವವರಿಗೆ ಗದ್ದೆ ಬಯಲಿನ ಕಪ್ಪೆ, ಜೀರುಂಡೆಗಳು ಪಾಠ ಕಲಿಸುತ್ತವೆ. ಜೀರುಂಡೆಯ ಸದ್ದು ಕೆಲವು ಸಾವಿರ ಹರ್ಟ್ಜ್‌ಗಳ ಮೇಲಿನ ವಲಯದಲ್ಲಿರುತ್ತದೆ. ಸಕಾರ ಶಕಾರಗಳ ಭೇದ ತಿಳಿಯುವುದೂ ಅದೇ ವಲಯದಲ್ಲಿ. ಮುದ್ರಣದ ಹಿಂದಿನ ದಿನ ಆ ಕೊಠಡಿಯಲ್ಲಿ ಸುಮ್ಮನೆ ಕೂತು, ಬಸ್ಸು, ಶಾಲೆಯ ಗಂಟೆ, ಧ್ವನಿವರ್ಧಕಗಳ ವೇಳೆಯನ್ನು ಬರೆದಿಟ್ಟುಕೊಳ್ಳುವುದಕ್ಕಿಂತ ಉತ್ತಮ ಉಪಕರಣ ಇನ್ನೊಂದಿಲ್ಲ.

ಒಳಗಿನ ಮಾರ್ದನಿ ಬೇರೆಯೇ ಸಮಸ್ಯೆ. ಟೈಲ್ಸ್ ನೆಲ, ಬಣ್ಣ ಬಳಿದ ಗೋಡೆ, ಕಬ್ಬಿಣದ ಬೀರುಗಳಿರುವ ಕಚೇರಿಯಲ್ಲಿ ಒಂದು ಸ್ವರದ ಬಾಲ ಮುಂದಿನ ಸ್ಪರ್ಶದ ಮುಚ್ಚುಗಡೆಯೊಳಗೆ ಚಾಚಿಕೊಳ್ಳುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವ ರೂಢಿಯಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ, ಮಾರ್ದನಿಯೂ ಹೇಳಿಕೊಳ್ಳುವಷ್ಟು ತಗ್ಗುವುದಿಲ್ಲ. ದಪ್ಪ ಕುರಿಯುಣ್ಣೆಯ ಕಂಬಳಿ ಹೆಚ್ಚು ಉಪಯುಕ್ತ. ಅದನ್ನು ಗೋಡೆಗೆ ಒತ್ತಿ ತೂಗಹಾಕಬಾರದು. 1000 ಹರ್ಟ್ಜ್ ಧ್ವನಿಯ ತರಂಗದೂರ ಸುಮಾರು 34 ಸೆಂಟಿಮೀಟರ್. ಅದರ ಕಾಲುಭಾಗ, ಎಂದರೆ 8–9 ಸೆಂಟಿಮೀಟರ್ ಅಂತರ ಬಿಟ್ಟಾಗ ಆ ಆವರ್ತನದಲ್ಲಿ ಹೀರಿಕೆ ಚೆನ್ನಾಗಿರುತ್ತದೆ. 100 ಹರ್ಟ್ಜ್‌ಗೆ ಬೇಕಾಗುವ ಅಂತರ 85 ಸೆಂಟಿಮೀಟರ್. ಕೆಳ ಆವರ್ತನದ ಗುಂಯ್‌ಕಾರಕ್ಕೆ ಕಂಬಳಿ ಮದ್ದಲ್ಲವೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಕಂಬಳಿಯ ಸ್ಥಾನ ಮಾತಾಡುವವರ ಬೆನ್ನ ಹಿಂದೆ, ಏಕೆಂದರೆ ದಿಕ್ಕುಸಂವೇದಿ ಮೈಕಿನ ಮುಖ ಆ ಕಡೆಗಿರುತ್ತದೆ. ಮೈಕಿನ ಬೆನ್ನು ಕಿಟಕಿಗೆ ತಿರುಗಿರಲಿ. ಕಡತಗಳು ತುಂಬಿದ ತೆರೆದ ಕಪಾಟುಗಳಿರುವ ಹಳೆಯ ದಫ್ತರು ಕೋಣೆ ಸಿಕ್ಕರೆ ಹೊಸ ಸಭಾಂಗಣವನ್ನು ಬಿಟ್ಟು ಅದನ್ನೇ ಕೇಳಿ ಪಡೆಯಬೇಕು.

ದೇಹದ ಮೇಲಿನ ಸದ್ದುಗಳ ವಿಷಯದಲ್ಲಿ ಕೈಪಿಡಿಗಳ ಸಲಹೆ ಇಲ್ಲಿ ನಡೆಯುವುದಿಲ್ಲ. ಆಭರಣ ಕಳಚಲು ಹೇಳಿರಿ ಎಂದು ಅವು ಬರೆಯುತ್ತವೆ. ಮುತ್ತೈದೆಯೊಬ್ಬರಿಗೆ ‘ಬಳೆ ತೆಗೀರಿ ತಾಯಿ’ ಎಂದು ಹೇಳುವ ಸಂಶೋಧಕರು ಆ ಮನೆಗೆ ಮತ್ತೆ ಹೋಗುವ ಆಸೆ ಬಿಡಬೇಕು. ಗಾಜಿನ ಬಳೆ ತೆಗೆಸುವುದಕ್ಕೆ ಇಲ್ಲಿರುವ ಅರ್ಥ ಎಲ್ಲರಿಗೂ ತಿಳಿದದ್ದು. ತೊಡೆಯ ಮೇಲೆ ಮಡಿಸಿದ ಟವೆಲ್ ಇಟ್ಟು ಅದರ ಮೇಲೆ ಕೈಯೂರಿ ಕೂರಲು ಕೋರುವುದು, ಅವರಿಗೆ ಒಪ್ಪಿಗೆಯಿದ್ದರೆ ಬಳೆಗಳ ಮೇಲೆ ಮೆತ್ತನೆಯ ಬಟ್ಟೆ ಸುತ್ತುವುದು ಸಾಕಾಗುತ್ತದೆ. ನಿರೂಪಣೆಯ ಹಾಳೆಗಳನ್ನು ಒಂದೇ ಮಗ್ಗುಲಿಗೆ ಮುದ್ರಿಸಿ ಮೇಜಿನ ಮೇಲೆ ಹರಡಿದರೆ ಮಗುಚುವ ಸರಪರ ಇರುವುದಿಲ್ಲ. ಅಂದಹಾಗೆ, ಬರೆದದ್ದನ್ನು ಓದುವಾಗ ಅಕ್ಷರ ಬಲ್ಲವರು ಹಕಾರವನ್ನು ಮರಳಿ ತರುತ್ತಾರೆ. ಆದ್ದರಿಂದ ಓದಿದ ನಿರೂಪಣೆಯನ್ನು ಆಡುಮಾತಿನ ಸಾಕ್ಷ್ಯವಾಗಿ ಬಳಸಬಾರದು.

4. ಉಳಿದ ಸದ್ದು ಮತ್ತು ಅದರ ದಾಖಲೆ

ಇಷ್ಟಾದರೂ ಸ್ವಲ್ಪ ಸದ್ದು ಉಳಿಯುತ್ತದೆ. ಅದನ್ನು ಉಳಿಯಗೊಡಬೇಕು, ಅಳೆಯಬೇಕು, ವರದಿ ಮಾಡಬೇಕು. ಪ್ರತಿ ಮುದ್ರಣದ ಆರಂಭದಲ್ಲಿ ಹತ್ತು ಸೆಕೆಂಡುಗಳ ಕೊಠಡಿಯ ಮೌನವನ್ನು ಹಿಡಿದಿಟ್ಟರೆ ಮಾತು ಮತ್ತು ಸದ್ದಿನ ಅಂತರವನ್ನು ಪ್ರಾಟ್‌ನಲ್ಲಿ ನಿಮಿಷದೊಳಗೆ ಲೆಕ್ಕಹಾಕಬಹುದು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿ ಹಳೆಯ ಮುದ್ರಿಕೆಗಳ ಡಿಜಿಟಲೀಕರಣಕ್ಕೆ ಕನಿಷ್ಠ 48 ಕಿಲೋಹರ್ಟ್ಜ್, 24 ಬಿಟ್ ಎಂದು ಹೇಳುತ್ತದೆ. ಹೊಸ ಮುದ್ರಣಕ್ಕೂ ಅದೇ ಮಟ್ಟವನ್ನು ಇಟ್ಟುಕೊಳ್ಳುವುದು ಉಚಿತ. ಮೊಬೈಲುಗಳು ಕೇಳದೆಯೇ ಸದ್ದು ತಗ್ಗಿಸುತ್ತವೆ, ಮಟ್ಟವನ್ನು ತಾವೇ ಏರಿಳಿಸುತ್ತವೆ. 2020ರ ನಂತರ ದೂರದಿಂದಲೇ ಧ್ವನಿ ತರಿಸಿಕೊಳ್ಳುವ ಪರಿಪಾಠ ಹೆಚ್ಚಿದೆ. ವಾಟ್ಸ್ಯಾಪ್ ಧ್ವನಿಸಂದೇಶಗಳು ಪದಸಂಪತ್ತಿಗೂ ವಾಕ್ಯರಚನೆಗೂ ಆಧಾರವಾಗಬಹುದು, ಹಕಾರದ ಬಗ್ಗೆ ಏನನ್ನೂ ಸಾಧಿಸಲಾರವು.

ಸಾರ್ವಜನಿಕ ಪ್ರದರ್ಶನದ ಚಿತ್ರಕ್ಕೆ ಸ್ವಚ್ಛ ಧ್ವನಿ ಬೇಕೆಂದರೆ ಪ್ರತಿಯೊಂದನ್ನು ಮಾಡಿಕೊಂಡು ಅದರ ಮೇಲೆ ಬೇಕಾದ ಸಂಸ್ಕರಣೆ ನಡೆಸಬಹುದು. ಕಡತದ ಹೆಸರಿನಲ್ಲಿಯೇ ಅದು ಸಂಸ್ಕರಿತವೆಂದು ನಮೂದಿಸಿ, ಯಾವ ಸಾಧನ, ಯಾವ ಮಟ್ಟ ಎಂಬುದನ್ನು ವಿವರಪತ್ರದಲ್ಲಿ ಬರೆಯಬೇಕು, ಮೂಲವನ್ನು ಮುಟ್ಟಬಾರದು. ಪ್ರಬಂಧ ಪರೀಕ್ಷಕರು ಈ ವಿವರವನ್ನು ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಕೊಠಡಿಯನ್ನು ಒಪ್ಪಿಕೊಳ್ಳುವ ಮುನ್ನ ಒಂದು ಸರಳ ಪರೀಕ್ಷೆ ಸಾಧ್ಯ. ಹಕಾರವನ್ನು ನಿಶ್ಚಿತವಾಗಿ ಉಚ್ಚರಿಸುವ ಒಬ್ಬರಿಂದ ಅಕ್ಕಿ–ಹಕ್ಕಿ, ಆಡು–ಹಾಡು, ಅತ್ತಿ–ಹತ್ತಿ, ಆರು–ಹಾರು ಜೋಡಿಗಳನ್ನು ಕ್ರಮ ತಪ್ಪಿಸಿ, ಮೆಲುದನಿಯಲ್ಲಿ ಓದಿಸಿ ಮುದ್ರಿಸಬೇಕು. ಪಟ್ಟಿಯನ್ನು ನೋಡದ ಇನ್ನೊಬ್ಬರು ಅದನ್ನು ಕೇಳಿ ಬರೆದುಕೊಳ್ಳಲಿ. ಜೋಡಿಗಳು ಬೆರೆತುಹೋದರೆ ಆ ಕೊಠಡಿ ಆ ಹೊತ್ತಿಗೆ ಹಕಾರದ ಅಧ್ಯಯನಕ್ಕೆ ತಕ್ಕುದಲ್ಲ. ಮೈಕನ್ನು ಸರಿಸಿ, ಇಲ್ಲವೇ ಹೊತ್ತನ್ನು ಬದಲಿಸಿ ಮತ್ತೆ ಓದಿಸಬೇಕು. ಅದೇ ಪಟ್ಟಿಯನ್ನು ದಿನದ ಮುದ್ರಣ ಮುಗಿದ ಮೇಲೆ ಇನ್ನೊಮ್ಮೆ ಓದಿಸಿ ಮೂಲ ಕಡತದ ಜೊತೆಗೇ ಸಂಗ್ರಹಕ್ಕೆ ಸೇರಿಸತಕ್ಕದ್ದು.