ಅಂಗೈಯಲ್ಲಿ ಹೆಲಿಕಾಪ್ಟರ್: ಅಳತೆ ಎಷ್ಟಿರಬೇಕು?

ಆಟಿಕೆ ಅಂಗಡಿಯ ಕಪಾಟಿನಲ್ಲಿ ಎರಡು ಪೆಟ್ಟಿಗೆಗಳು ಅಕ್ಕಪಕ್ಕದಲ್ಲಿವೆ ಎಂದುಕೊಳ್ಳಿ. ಎರಡರ ಮೇಲೂ ಧೂಳೆಬ್ಬಿಸಿಕೊಂಡು ಮೇಲೇಳುತ್ತಿರುವ ಅಪಾಚೆ ಹೆಲಿಕಾಪ್ಟರಿನ ಬಣ್ಣದ ಚಿತ್ರ. ಒಂದರ ಬೆಲೆ ಇನ್ನೊಂದರ ಹಲವು ಪಟ್ಟು. ಮಗನ ಕಣ್ಣು ದೊಡ್ಡ ಪೆಟ್ಟಿಗೆಯ ಮೇಲೆ, ಅಪ್ಪನ ಕಣ್ಣು ಬೆಲೆಚೀಟಿಯ ಮೇಲೆ. ಇಬ್ಬರೂ ಗಮನಿಸದೆ ಬಿಡುವುದು ಪೆಟ್ಟಿಗೆಯ ಮೂಲೆಯಲ್ಲಿ ಅಚ್ಚಾದ ಒಂದು ಪುಟ್ಟ ಸಂಖ್ಯೆಯನ್ನು. ಒಂದರಲ್ಲಿ 1/72, ಇನ್ನೊಂದರಲ್ಲಿ 1/35.

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಮಾದರಿ ತಯಾರಿಸುವ ಈ ಹವ್ಯಾಸದಲ್ಲಿ ಮೊದಲ ಕಿಟ್ಟಿಗೇ ಕೈಚೆಲ್ಲುವ ಮಕ್ಕಳಿದ್ದಾರೆ. ಅರ್ಧಕ್ಕೆ ನಿಂತ ಹೆಲಿಕಾಪ್ಟರು ಬೀರುವಿನ ಮೇಲೆ ಧೂಳು ತಿನ್ನುತ್ತದೆ. ‘ಇವನಿಗೆ ತಾಳ್ಮೆಯೇ ಇಲ್ಲ’ ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಎಷ್ಟೋ ಸಲ ತಪ್ಪು ಹುಡುಗನದಲ್ಲ, ಆರಿಸಿ ತಂದ ಪೆಟ್ಟಿಗೆಯದು.

ಹಾಗಾದರೆ ಆ ಸಂಖ್ಯೆ ಏನು ಹೇಳುತ್ತದೆ? 1/72 ಎಂದರೆ ನಿಜವಾದ ಯಂತ್ರದ 72 ಅಂಗುಲ ಮಾದರಿಯಲ್ಲಿ ಒಂದೇ ಅಂಗುಲ. 72 ಅಂಗುಲವೆಂದರೆ ಆರಡಿ. ಆರಡಿ ಎತ್ತರದ ಪೈಲಟ್ ಈ ಲೋಕದಲ್ಲಿ ಒಂದಂಗುಲದ ಬೊಂಬೆ. 1/48ರಲ್ಲಿ ಒಂದಡಿಗೆ ಕಾಲು ಅಂಗುಲ. 1/144 ಎಂಬುದು 1/72ರ ಸರಿ ಅರ್ಧ. ಎಲ್ಲವೂ ಅಡಿ, ಅಂಗುಲಗಳ ಲೆಕ್ಕದಲ್ಲಿ ಬದುಕುತ್ತಿದ್ದ ದೇಶಗಳಲ್ಲಿ ಹುಟ್ಟಿದ ಅಳತೆಗಳು.

ಲೆಕ್ಕಕ್ಕೆ ಅಪಾಚೆಗಿಂತ ಅನುಕೂಲವಾದ ಹೆಲಿಕಾಪ್ಟರು ಇನ್ನೊಂದಿಲ್ಲ. ತಲೆಯ ಮೇಲೆ ತಿರುಗುವ ಅದರ ರೆಕ್ಕೆಗಳ ವೃತ್ತದ ವ್ಯಾಸ 48 ಅಡಿ. ಹಾಗಾಗಿ 1/48ರಲ್ಲಿ ಅದು ನಿಖರವಾಗಿ ಒಂದು ಅಡಿ, ಶಾಲೆಯ ಅಡಿಕೋಲಿನಷ್ಟು. 1/72ರಲ್ಲಿ ಎಂಟು ಅಂಗುಲ, 1/144ರಲ್ಲಿ ನಾಲ್ಕು, 1/32ರಲ್ಲಿ ಹದಿನೆಂಟು. 1/35ರಲ್ಲಿ? ಹದಿನಾರೂವರೆಗೆ ಕೊಂಚ ಕಡಿಮೆ. ಈ 1/35 ಮಾತ್ರ ಅಂಗುಲದ ಕುಟುಂಬಕ್ಕೆ ಸೇರಿದ್ದಲ್ಲ. 1961ರ ಸುಮಾರಿಗೆ ಜಪಾನಿನ ತಮಿಯಾ ಕಂಪನಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದಾಗ, ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಸಬೇಕಾಗಿತ್ತು. ಅವು ಹಿಡಿಸುವಷ್ಟು ದೊಡ್ಡದು ಮಾಡಿ ಆಮೇಲೆ ಅಳೆದಾಗ ಸಿಕ್ಕ ಪ್ರಮಾಣವೇ 1/35! ಅದು ಟ್ಯಾಂಕುಗಳ ಲೋಕದಲ್ಲಿ ಬೇರುಬಿಟ್ಟಿತು. ಟ್ಯಾಂಕಿನ ಪಕ್ಕ ಹೆಲಿಕಾಪ್ಟರನ್ನೂ ನಿಲ್ಲಿಸಬೇಕೆಂಬ ಆಸೆಯವರಿಗಾಗಿ ಹೆಲಿಕಾಪ್ಟರುಗಳೂ ಈಗ ಇದೇ ಅಳತೆಯಲ್ಲಿ ಬರುತ್ತಿವೆ.

ದೊಡ್ಡದೆಂದರೆ ಒಳ್ಳೆಯದೇ?

ಇಲ್ಲಿಯೇ ಹೆಚ್ಚಿನವರು ಎಡವುವುದು. ಅಳತೆ ಹೇಳುವುದು ಗುಣವನ್ನಲ್ಲ, ನೋಡುವ ದೂರವನ್ನು. ಇದಕ್ಕೆ ಹಳೆಯದೊಂದು ಪ್ರಸಂಗವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲಾ ವಿದ್ಯಾರ್ಥಿಗಳಿಂದ ಐದು ಲಕ್ಷ ಮರದ ವಿಮಾನ ಮಾದರಿಗಳನ್ನು ಕೇಳಿತು. ಆಕಾಶದಲ್ಲಿ ಕಂಡದ್ದು ಸ್ವಂತದ ವಿಮಾನವೋ ಶತ್ರುವಿನದೋ ಎಂದು ಸೈನಿಕರು ಕ್ಷಣದಲ್ಲಿ ಗುರುತಿಸಲು ಕಲಿಯಬೇಕಾಗಿತ್ತು. ಮಾದರಿಗಳ ಅಳತೆ 1/72. ಅಂಥ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ, ನಿಜವಾದ ವಿಮಾನ ಸುಮಾರು ಅರ್ಧ ಮೈಲಿ ದೂರದಿಂದ ಕಾಣುವಂತೆಯೇ ಕಾಣುತ್ತದೆ. 35ನ್ನು 72ರಿಂದ ಗುಣಿಸಿ ನೋಡಿ, ತಿಳಿಯುತ್ತದೆ.

ಇದೇ ಲೆಕ್ಕವನ್ನು ಮನೆಯ ಮೇಜಿಗೆ ತನ್ನಿ. ಕಣ್ಣಿನಿಂದ ಒಂದಡಿ ದೂರದಲ್ಲಿರುವ 1/72ರ ಮಾದರಿ, 72 ಅಡಿ ದೂರದಲ್ಲಿ ನಿಂತ ಹೆಲಿಕಾಪ್ಟರಿಗೆ ಸಮ. ಅಷ್ಟು ದೂರದಿಂದ ನಮಗೆ ಕಾಣುವುದೇನು? ಮೈಯ ಆಕಾರ, ಗಾಜಿನ ಮೂಗು, ರೆಕ್ಕೆಗಳ ಬಾಗು, ಬಾಲದ ಓರೆ. ತಗಡಿಗೆ ಹೊಡೆದ ರಿವೆಟ್‌ಗಳು ಎದ್ದು ಕಾಣುವುದಿಲ್ಲ. 1/35 ಎಂದರೆ 35 ಅಡಿ ಹತ್ತಿರಕ್ಕೆ ಹೋದಂತೆ. ಅಲ್ಲಿ ಬಾಗಿಲಿನ ಹಿಡಿ, ಪೈಲಟ್‌ನ ಸೀಟಿನ ಪಟ್ಟಿ, ರೋಟರಿನ ಬುಡದ ಸರಳುಗಳು ಎಲ್ಲವೂ ಕಾಣಬೇಕು. ಹೀಗಾಗಿ ಚಿಕ್ಕ ಕಿಟ್ಟನ್ನು ಆಕಾರದ ಶುದ್ಧಿಗಾಗಿ ಪರೀಕ್ಷಿಸಬೇಕು, ದೊಡ್ಡದನ್ನು ವಿವರಗಳ ಶುದ್ಧಿಗಾಗಿ. ಎರಡಕ್ಕೂ ಒಂದೇ ತಕ್ಕಡಿ ಹಿಡಿದರೆ ಮೋಸ.

ಪ್ಲಾಸ್ಟಿಕ್ಕಿಗೂ ತನ್ನದೇ ಆದ ಮಿತಿಯಿದೆ. ನಿಜವಾದ ಹೆಲಿಕಾಪ್ಟರಿನ ಮೈಗೆ ಹೊದಿಸಿದ ತಗಡು ಒಂದು ಮಿ.ಮೀ. ಆಸುಪಾಸಿನದು. ಮಾದರಿಯ ಗೋಡೆಯೂ ಒಂದು ಮಿ.ಮೀ. ಎಂದಿಟ್ಟುಕೊಳ್ಳಿ. 1/72ರ ಲೆಕ್ಕದಲ್ಲಿ ಅದು 7.2 ಸೆಂ.ಮೀ. ದಪ್ಪದ ಕೋಟೆಗೋಡೆ! ತೆರೆದ ಬಾಗಿಲಿನ ಅಂಚಿನಲ್ಲಿ ಇದು ಎದ್ದು ಕಾಣುತ್ತದೆ. ಆದ್ದರಿಂದ ಚಿಕ್ಕ ಅಳತೆಯಲ್ಲಿ ಬಾಗಿಲು ಮುಚ್ಚಿದಂತೆ ಅಂಟಿಸುವುದೇ ಜಾಣತನ.

ಇನ್ನು ಗಾತ್ರ. 1/48ರ ಮಾದರಿ 1/72ರದಕ್ಕಿಂತ ಉದ್ದದಲ್ಲಿ ಒಂದೂವರೆ ಪಟ್ಟು ಅಷ್ಟೆ. ಆದರೆ ಬಣ್ಣ ಬಳಿಯಬೇಕಾದ ಮೈ ಎರಡೂಕಾಲು ಪಟ್ಟು, ಘನ ಗಾತ್ರ ಮೂರಕ್ಕೂ ಹೆಚ್ಚು ಪಟ್ಟು. 1/35ಕ್ಕೆ ಹಾರಿದರೆ ಗಾತ್ರ ಎಂಟು ಪಟ್ಟನ್ನೂ ಮೀರುತ್ತದೆ. ಪೆಟ್ಟಿಗೆಯ ಬೆಲೆ ಏಕೆ ಹಾಗೆ ಏರುತ್ತದೆ, ಷೋಕೇಸಿನಲ್ಲಿ ಜಾಗ ಏಕೆ ಸಾಲದು ಎಂಬುದಕ್ಕೆ ಗಣಿತದ ಪುಸ್ತಕದಲ್ಲೇ ಉತ್ತರವಿದೆ.

ಅಳತೆಗಿಂತ ಮೊದಲು ಯಾವ ಹೆಲಿಕಾಪ್ಟರು ಎಂಬುದನ್ನು ನಿರ್ಧರಿಸುವುದು ಒಳ್ಳೆಯದು. ನಮ್ಮ ಚೇತಕ್ ಗೊತ್ತಲ್ಲ, ಫ್ರಾನ್ಸಿನ ಅಲೂಯೆಟ್-3 ಹೆಲಿಕಾಪ್ಟರು. 1960ರ ದಶಕದಿಂದ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ ಪರವಾನಗಿ ಪಡೆದು ಅದನ್ನು ಇಲ್ಲಿ ತಯಾರಿಸಿತು. ಅಂಗಡಿಯಲ್ಲಿ ಚೇತಕ್ ಎಂದು ಕೇಳಿದರೆ ಸಿಗಲಿಕ್ಕಿಲ್ಲ, ಅಲೂಯೆಟ್ ಎಂದು ಹುಡುಕಬೇಕು. ಅದರ ರೋಟರಿನ ವ್ಯಾಸ 11 ಮೀಟರ್ ಮಾತ್ರ. 1/72ರಲ್ಲಿ ಅದು 15 ಸೆಂ.ಮೀ.; ಕಾಲುಗಳು ಬೆಂಕಿಕಡ್ಡಿಗಿಂತ ತೆಳ್ಳಗೆ, ಮುಟ್ಟಿದರೆ ಮುರಿಯುವಂತೆ. ಇಂಥ ಪುಟ್ಟ ಯಂತ್ರಕ್ಕೆ 1/48 ಇಲ್ಲವೆ 1/32 ಹಿತ. ಅದೇ ರಷ್ಯದ ದೈತ್ಯ ಎಂಐ-26 ತೆಗೆದುಕೊಳ್ಳಿ. ಅದರ ರೋಟರು 32 ಮೀಟರ್. ಜ್ವೆಜ್ದಾ ಕಂಪನಿ ಇದನ್ನು 1/72ರಲ್ಲಿ ತಂದಿದೆ. ರೋಟರು ಒಂದರದೇ ವ್ಯಾಸ 44 ಸೆಂ.ಮೀ.! ಮನೆಯಲ್ಲಿ ಟಿ.ವಿ. ತೆಗೆದು ಅದರ ಜಾಗದಲ್ಲಿ ಇದನ್ನಿಡಲು ಅಮ್ಮ ಒಪ್ಪಿದರೆ ಸರಿ.

ಪೆಟ್ಟಿಗೆ ಹೊಸದು, ಅಚ್ಚು ಹಳೆಯದು

ಮಾದರಿಯ ಗುಣಮಟ್ಟ ನಿಂತಿರುವುದು ಅಚ್ಚಿನ ಮೇಲೆ. ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನುಗ್ಗಿಸಿ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಾರೆ. ಅಚ್ಚು ಮಾಡುವುದು ದುಬಾರಿ. ಆದ್ದರಿಂದ ಒಮ್ಮೆ ಮಾಡಿದ ಅಚ್ಚು ದಶಕಗಟ್ಟಲೆ ದುಡಿಯುತ್ತದೆ, ಕಂಪನಿಯಿಂದ ಕಂಪನಿಗೆ ಕೈ ಬದಲಾಯಿಸುತ್ತದೆ. 1980ರ ದಶಕದಲ್ಲಿ ಅಮೆರಿಕದ ಮೊನೊಗ್ರಾಮ್ ಮಾಡಿದ 1/48ರ ಅಪಾಚೆ ಆಮೇಲೆ ರೆವೆಲ್ ಹೆಸರಿನ ಪೆಟ್ಟಿಗೆಯಲ್ಲೂ ಬಂತು. ಇಟಲಿಯ ಎಸ್ಕಿ ಕಂಪನಿಯ ಅಚ್ಚುಗಳು ಇಟಲೇರಿ ಹೆಸರಿನಲ್ಲಿ ಮತ್ತೆ ಕಾಣಿಸಿಕೊಂಡವು. ಇದರಲ್ಲಿ ಕಪಟವೇನಿಲ್ಲ, ವ್ಯಾಪಾರದ ಪದ್ಧತಿಯೇ ಹಾಗೆ. ಆದರೆ ಪೆಟ್ಟಿಗೆಯ ಹೊಳಪನ್ನು ನೋಡಿ ಒಳಗಿನ ಸರಕಿನ ವಯಸ್ಸನ್ನು ಹೇಳಲಾಗದು. ಚೀನಾದ ಟಾಕೋಮ್ ಮತ್ತು ಮೆಂಗ್ ಕಂಪನಿಗಳ 1/35ರ ಅಪಾಚೆಗಳು 2020ರ ನಂತರದವು. ಹೆಸರು ಅದೇ ಅಪಾಚೆಯಾದರೂ ಇವೆರಡು ಪೀಳಿಗೆಗಳ ನಡುವೆ ಅಜ್ಜ ಮೊಮ್ಮಗನ ಅಂತರವಿದೆ.

ಹಳೆಯ ಅಚ್ಚನ್ನು ಗುರುತಿಸುವುದು ಕಷ್ಟವಲ್ಲ. ಮೈಮೇಲಿನ ತಗಡುಗಳ ಜೋಡಣೆಯ ಗೆರೆಗಳು ಉಬ್ಬಿಕೊಂಡಿದ್ದರೆ ಸಾಮಾನ್ಯವಾಗಿ ಅದು ಹಳೆಯದು. ಹೊಸವುಗಳಲ್ಲಿ ಸಣ್ಣಗೆ ಕೊರೆದ ಗೆರೆಗಳಿರುತ್ತವೆ. ಅಚ್ಚು ಸವೆದಾಗ ಭಾಗಗಳ ಅಂಚಿನಲ್ಲಿ ತೆಳುವಾದ ಪ್ಲಾಸ್ಟಿಕ್ ಪೊರೆ ಹೊರಚೆಲ್ಲಿರುತ್ತದೆ. ಅದನ್ನೆಲ್ಲ ಕೆರೆದು ತೆಗೆಯುವಷ್ಟರಲ್ಲಿ ಹೊಸಬರ ಉತ್ಸಾಹ ಇಂಗಿಹೋಗುತ್ತದೆ. ಎರಡು ಹೋಳುಗಳಾಗಿ ಬರುವ ಮೈಯನ್ನು ಅಂಟಿಲ್ಲದೆ ಜೋಡಿಸಿ ಹಿಡಿದಾಗ ನಡುವೆ ಉಗುರು ನುಸುಳುವಷ್ಟು ಸಂದಿ ಬಿಟ್ಟರೆ ಆ ಕಿಟ್ಟು ಅನುಭವಿಗಳಿಗೇ ಇರಲಿ.

ಹೆಲಿಕಾಪ್ಟರಿನ ವಿಷಯದಲ್ಲಿ ಇನ್ನೊಂದು ಪರೀಕ್ಷೆ ಬಹುಮುಖ್ಯ. ಅದು ಗಾಜು. ಯುದ್ಧವಿಮಾನದಲ್ಲಿ ಗಾಜಿನ ಪಾಲು ಕಡಿಮೆ, ಚೇತಕ್ ಹೆಲಿಕಾಪ್ಟರಿಗೆ ಮುಖವೆಲ್ಲ ಗಾಜೇ. ಪಾರದರ್ಶಕ ಭಾಗ ದಪ್ಪಗಿದ್ದರೆ ಒಳಗಿನ ಸೀಟುಗಳು ಬೂತಗನ್ನಡಿಯಲ್ಲಿ ಕಂಡಂತೆ ಸೊಟ್ಟಗೆ ಕಾಣುತ್ತವೆ. ಗಾಜು ಕೆಟ್ಟದಾಗಿದ್ದರೆ ಉಳಿದ ನೂರು ಭಾಗ ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಅದನ್ನು ಅಂಟಿಸುವಾಗಲೂ ಎಚ್ಚರ ಬೇಕು. ಮಾದರಿಗಳ ಅಂಟು ಪ್ಲಾಸ್ಟಿಕ್ಕನ್ನು ಕೊಂಚ ಕರಗಿಸಿ ಬೆಸೆಯುವಂಥದು. ಒಂದು ಹನಿ ಬಿದ್ದರೆ ಗಾಜು ಹಾಳು. ಕ್ಷಣದಲ್ಲಿ ಹಿಡಿಯುವ ಅಂಟಿನ ಆವಿ ಗಾಜಿಗೆ ಬಿಳಿ ಮಂಜು ಕವಿಸುತ್ತದೆ. ಮನೆಯಲ್ಲಿರುವ ಫೆವಿಕಾಲ್‌ನಂಥ ಬಿಳಿ ಅಂಟೇ ಇಲ್ಲಿ ಲೇಸು, ಒಣಗಿದ ಮೇಲೆ ಕಾಣುವುದಿಲ್ಲ.

ಆಕಾರ ಸರಿಯಿದೆಯೇ ಎಂದು ತಿಳಿಯಲು ನಿಜವಾದ ಯಂತ್ರದ ಫೋಟೋ ಪಕ್ಕದಲ್ಲಿರಬೇಕು. ರಷ್ಯದ ಎಂಐ-24, ಅಂದರೆ ನಮ್ಮ ವಾಯುಪಡೆ ಎಂಐ-25, ಎಂಐ-35 ಎಂಬ ಹೆಸರಿನಲ್ಲಿ ಕೊಂಡ ಹೆಲಿಕಾಪ್ಟರಿನ ಕುಟುಂಬ, ಇದಕ್ಕೆ ಸೊಗಸಾದ ಉದಾಹರಣೆ. ಎದುರಿನಿಂದ ನೋಡಿದರೆ ಅದರ ರೋಟರಿನ ಕಂಬ ನೆಟ್ಟಗಿಲ್ಲ, ಸುಮಾರು ಎರಡೂವರೆ ಡಿಗ್ರಿ ಅದರ ಬಲಕ್ಕೆ ವಾಲಿದೆ. ಬಾಲದ ರೋಟರು ಯಂತ್ರವನ್ನು ಒಂದು ಪಕ್ಕಕ್ಕೆ ತಳ್ಳುವುದನ್ನು ಸರಿದೂಗಿಸಲು ಹಾಗೆ ಮಾಡಿದ್ದಾರೆ. ಶೀತಲ ಸಮರದ ದಿನಗಳಲ್ಲಿ ಪಶ್ಚಿಮ ದೇಶಗಳ ತಯಾರಕರಿಗೆ ಸೋವಿಯತ್ ಯಂತ್ರಗಳ ನಕ್ಷೆ ಸಿಗುತ್ತಿರಲಿಲ್ಲ, ದೂರದಿಂದ ತೆಗೆದ ಫೋಟೋಗಳನ್ನೇ ನಂಬಬೇಕಿತ್ತು. ಯಾವುದೇ ಎಂಐ-24 ಕಿಟ್ಟಿನಲ್ಲಿ ಈ ಓರೆ ಮೂಡಿದೆಯೇ ಎಂದು ನೋಡಿದರೆ, ತಯಾರಕರು ಯಂತ್ರವನ್ನು ಹತ್ತಿರದಿಂದ ಕಂಡಿದ್ದರೋ ಇಲ್ಲವೋ ಗೊತ್ತಾಗುತ್ತದೆ.

ಅಪಾಚೆಯಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. 2019ರಲ್ಲಿ ಪಠಾಣ್‌ಕೋಟ್‌ನಲ್ಲಿ ಭಾರತೀಯ ವಾಯುಪಡೆಗೆ ಸೇರಿದ್ದು ಎಎಚ್-64ಇ. ಮೂಲದ ‘ಎ’ ಮಾದರಿಯ ಕಿಟ್ಟು ತಂದು ಅದಕ್ಕೆ ನಮ್ಮ ವಾಯುಪಡೆಯ ತ್ರಿವರ್ಣ ವೃತ್ತ ಅಂಟಿಸಿದರೆ ಬಲ್ಲವರು ನಗುತ್ತಾರೆ. ‘ಇ’ಯ ಮೂಗಿನ ಹಿಂದೆ ಎರಡೂ ಪಕ್ಕದ ಉಬ್ಬುಗಳು ದೊಡ್ಡವು. ಬೆಂಗಳೂರಿನ ಮಕ್ಕಳಿಗೆ ಒಂದು ಅನುಕೂಲವಿದೆ. 2001ರಲ್ಲಿ ಆರಂಭವಾದ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಒಂದು ಭಾನುವಾರ ನೋಟ್‌ಬುಕ್ಕಿನೊಡನೆ ಹೋಗಿಬಂದರೆ ಚಿತ್ರದಲ್ಲಿ ತಿಳಿಯದ್ದು ಕಣ್ಣಿಗೆ ತಿಳಿಯುತ್ತದೆ.

ಮೊದಲ ಕಿಟ್ಟು ಯಾವುದಿರಲಿ?

ಪೋಷಕರಿಗೆ ಹೇಳುವುದಾದರೆ: 1/72 ಅಥವಾ 1/48, ಇತ್ತೀಚಿನ ಅಚ್ಚು, ಆದಷ್ಟು ಕಡಿಮೆ ಭಾಗಗಳು. ಭಾಗಗಳು ನೂರಾರು ಎಂದು ಪೆಟ್ಟಿಗೆ ಜಂಬ ಕೊಚ್ಚಿಕೊಂಡರೆ ಅದು ಮೊದಲ ಕಿಟ್ಟಿಗೆ ಅರ್ಹತೆಯಲ್ಲ. 1/144 ಅಗ್ಗವೆಂದು ಮೊದಲಿಗೆ ತರುವುದು ಬೇಡ, ಅದರ ಭಾಗಗಳು ದೊಡ್ಡವರ ಬೆರಳಿಗೂ ಸಿಗದಷ್ಟು ಚಿಕ್ಕವು. ಬಿಡಿಭಾಗ ಕತ್ತರಿಸುವ ಚಾಕು ಹರಿತವಾದದ್ದು, ಅಂಟು ಮತ್ತು ಬಣ್ಣದ ಆವಿ ತಲೆನೋವು ತರುವಂಥದು. ಚಿಕ್ಕ ಮಕ್ಕಳಾದರೆ ದೊಡ್ಡವರು ಪಕ್ಕದಲ್ಲಿ ಕೂರಬೇಕು, ಕಿಟಕಿ ತೆರೆದಿರಬೇಕು. ಪರೀಕ್ಷೆಯ ತಿಂಗಳಲ್ಲಿ ಪೆಟ್ಟಿಗೆ ಒಡೆಯದಿರುವುದು ಎಲ್ಲರಿಗೂ ಕ್ಷೇಮ!

ವಿದ್ಯಾರ್ಥಿಗಳಿಗೆ ಒಂದು ಮಾತು. ರೆಕ್ಕೆಗಳನ್ನು ಅಂಟಿಸುವ ಮುನ್ನ ಒಂದು ನಿಮಿಷ ನಿಲ್ಲಿ. ಮೇಲಿನಿಂದ ನೋಡಿದಾಗ ಫ್ರಾನ್ಸಿನ ಅಲೂಯೆಟ್, ರಷ್ಯದ ಎಂಐ-24 ಇವುಗಳ ರೋಟರು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗುತ್ತದೆ. ಅಪಾಚೆಯದು ಅದಕ್ಕೆ ವಿರುದ್ಧ. ರೆಕ್ಕೆಯ ದಪ್ಪನೆಯ ದುಂಡು ಅಂಚು ಗಾಳಿಯನ್ನು ಸೀಳಿಕೊಂಡು ಮುಂದೆ ಹೋಗಬೇಕು, ತೆಳು ಅಂಚು ಹಿಂದೆ. ನಿಂತ ಹೆಲಿಕಾಪ್ಟರಿನ ರೆಕ್ಕೆಗಳು ತಮ್ಮದೇ ಭಾರಕ್ಕೆ ತುದಿಯಲ್ಲಿ ಕೊಂಚ ಜೋಲುತ್ತವೆ. ಕಿಟ್ಟಿನಲ್ಲಿ ಅವು ನೆಟ್ಟಗಿದ್ದರೆ ಬೆರಳಿನಿಂದ ನಿಧಾನವಾಗಿ ಬಗ್ಗಿಸಿ ಜೋಲು ತರಬಹುದು. ಅಲೂಯೆಟ್, ಎಂಐ-24ರಂತೆ ಮೂಗಿನ ಕೆಳಗೆ ಚಕ್ರವಿರುವ ಹೆಲಿಕಾಪ್ಟರಾದರೆ, ಮೈಯ ಎರಡು ಹೋಳುಗಳನ್ನು ಮುಚ್ಚುವ ಮೊದಲು ಮುಂಭಾಗದ ನೆಲದಡಿ ಒಂದೆರಡು ಸಣ್ಣ ಕಬ್ಬಿಣದ ನಟ್ಟುಗಳನ್ನು ಅಂಟಿಸಿಡಿ. ಇಲ್ಲವಾದರೆ ಹೆಲಿಕಾಪ್ಟರು ಷೋಕೇಸಿನಲ್ಲಿ ಮೂಗು ಮೇಲೆತ್ತಿ ಬಾಲದ ಮೇಲೆ ಕೂತುಬಿಡುತ್ತದೆ.